ಊಟಕ್ಕೆ ನಿಲ್ಲುತ್ತಿದ್ದ ವಿಕಿರಣ ಪಾಠ

ಕೊಡಗಿನಲ್ಲಿ ಯಾವ ವಿಷಯದ ಮೇಲೆ ತರಬೇತಿ ಇಟ್ಟರೂ ಜನ ಬರುತ್ತಾರೆ. ಆ ಮಟ್ಟಿಗೆ ನನಗೆ ಯಾರ ಮೇಲೂ ದೂರಿಲ್ಲ. ಬರುತ್ತಾರೆ, ಉಪ್ಪಿಟ್ಟು ತಿನ್ನುತ್ತಾರೆ, ಕಾಫಿ ಸರಿಯಾಗಿಲ್ಲ ಎನ್ನುತ್ತಾರೆ, ಫೋಟೋಗೆ ನೆಟ್ಟಗೆ ನಿಲ್ಲುತ್ತಾರೆ. ನನ್ನ ದೂರೆಲ್ಲ ಅವರು ಎದ್ದುಹೋಗುವ ಹೊತ್ತಿನ ಮೇಲೆ. ಅಡುಗೆಯವರು ಪಾತ್ರೆಯ ಮುಚ್ಚಳ ತೆಗೆದ ಶಬ್ದ ಕೇಳಿದರೆ ಸಾಕು, ನಮ್ಮ ಜಿಲ್ಲೆಯಲ್ಲಿ ಯಾವ ಜ್ಞಾನಕ್ಕೂ ಆಮೇಲೆ ಬೆಲೆ ಇಲ್ಲ.

ನಾನು ಅಗ್ನಿಶಾಮಕ ದಳದಲ್ಲಿ ಠಾಣಾಧಿಕಾರಿ. ಕೆಲವು ವರ್ಷಗಳ ಹಿಂದೆ ನನ್ನನ್ನು ವಿಕಿರಣ ಅಪಘಾತ ಎದುರಿಸುವ ತರಬೇತಿಗೆ ಕಳಿಸಿದರು. ಬೆಂಕಿ ಆರಿಸುವವನಿಗೆ ವಿಕಿರಣ ಯಾಕೆ ಎಂದು ನನ್ನ ಹೆಂಡತಿಯೂ ಕೇಳಿದಳು. ಅಣು ಸ್ಥಾವರವಿಲ್ಲದ ಊರಿಗೂ ವಿಕಿರಣ ಬರುತ್ತದೆ, ಅದೂ ಪಿಕಪ್ ಗಾಡಿಯಲ್ಲಿ. ಪೈಪುಗಳ ಬೆಸುಗೆಯೊಳಗೆ ಬಿರುಕಿದೆಯೇ ಎಂದು ನೋಡುವುದಕ್ಕೆ, ಹೊಸ ರಸ್ತೆಯ ಮಣ್ಣು ಗಟ್ಟಿಯಾಗಿದೆಯೇ ಎಂದು ಅಳೆಯುವುದಕ್ಕೆ ವಿಕಿರಣ ಸೂಸುವ ವಸ್ತುವಿರುವ ಪೆಟ್ಟಿಗೆಗಳನ್ನು ಊರಿಂದೂರಿಗೆ ಸಾಗಿಸುತ್ತಾರೆ. ನಮ್ಮ ತಿರುವುಗಳಲ್ಲಿ, ನಮ್ಮ ಮಂಜಿನಲ್ಲಿ ಗಾಡಿ ಮಗುಚದೆ ಇರುತ್ತದೆಯೇ? ಮಗುಚಿದಾಗ ಮೊದಲು ಹೋಗುವವರು ನಾವೇ.

ತರಬೇತಿ ಮುಗಿಸಿ ಬಂದ ಮೇಲೆ ಉಳಿದವರಿಗೆಲ್ಲ ನಾನೇ ಹೇಳಿಕೊಡಬೇಕೆಂದು ಅಪ್ಪಣೆಯಾಯಿತು. ಪೊಲೀಸರು, ಗೃಹರಕ್ಷಕರು, ಆಂಬ್ಯುಲೆನ್ಸಿನವರು, ಪಂಚಾಯಿತಿಯವರು, ತೋಟಗಳ ಕೂಲಿ ಲೆಕ್ಕ ನೋಡುವ ರೈಟರುಗಳು, ಬಂದಷ್ಟು ಸಾರ್ವಜನಿಕರು. ನನ್ನ ಕೈಗೆ ಮೇಲಿನಿಂದ ಸಿದ್ಧವಾಗಿ ಬಂದ ಸ್ಲೈಡುಗಳನ್ನೂ ವಿಕಿರಣ ಅಳೆಯುವ ಒಂದು ಮೀಟರನ್ನೂ ಕೊಟ್ಟರು.

ಆ ಮೀಟರಿನ ಕಥೆ ಹೇಳಿದರೆ ಮುಗಿಯುವುದಿಲ್ಲ. ದುಬಾರಿ ವಸ್ತು, ಹಾಳಾಗಬಾರದು ಎಂದು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಇದ್ದ ಗುಮಾಸ್ತರು ರಜೆಯಲ್ಲಿದ್ದರೆ ಜಿಲ್ಲೆಯಲ್ಲಿ ಯಾವ ವಿಕಿರಣವೂ ಸೋರಬಾರದು ಎಂದು ನಾನು ದೇವರಲ್ಲಿ ಬೇಡಿಕೊಳ್ಳಬೇಕಿತ್ತು. ಒಮ್ಮೆ ತೆಗೆದು ನೋಡಿದರೆ ಒಳಗೆ ಸೆಲ್ಲುಗಳೇ ಇಲ್ಲ; ಕಚೇರಿಯ ಗೋಡೆ ಗಡಿಯಾರ ನಿಂತಿತ್ತೆಂದು ಯಾರೋ ತೆಗೆದು ಅದಕ್ಕೆ ಹಾಕಿದ್ದರು. ಆಯುಧಪೂಜೆಯಲ್ಲಂತೂ ಕೊಡಲಿ, ಗರಗಸ, ಹೋಸ್ ಪೈಪುಗಳ ಜೊತೆ ಮೀಟರನ್ನೂ ಸಾಲಾಗಿಟ್ಟು, ಅದರ ಮುಂಭಾಗದ ತೆಳು ಪೊರೆಯ ನಡುಮಧ್ಯಕ್ಕೆ ಗಂಧ, ಕುಂಕುಮ ಇಟ್ಟಿದ್ದರು. ವಿಕಿರಣ ಒಳಗೆ ಹೋಗಬೇಕಾದ ಕಿಟಕಿ ಅದು. ನಾನು ರೇಗಾಡಿದೆ. ಪೂಜೆ ಮಾಡಿದವನು ಬೇಜಾರು ಮಾಡಿಕೊಂಡು, ಸಾರ್, ಒಳ್ಳೇದಾಗ್ಲಿ ಅಂತ ತಾನೇ ಇಟ್ಟದ್ದು ಎಂದ. ಹತ್ತಿಯಲ್ಲಿ ಮೆಲ್ಲಗೆ ಒರೆಸಿದೆ. ಪುಣ್ಯಕ್ಕೆ ಪೊರೆ ಹರಿಯಲಿಲ್ಲ.

ಪಾಠಕ್ಕೆ ಬರುತ್ತೇನೆ. ಅದರಲ್ಲಿ ಎರಡು ಭಾಗಗಳಿದ್ದವು. ಮೊದಲನೆಯದು ದೂರ ನಿಲ್ಲುವುದು. ಹಳದಿಯ ಮೇಲೆ ಮೂರು ರೆಕ್ಕೆಯ ಗುರುತು ಕಂಡರೆ ಪೆಟ್ಟಿಗೆ ಮುಟ್ಟಬೇಡಿ, ಹಿಂದೆ ಸರಿಯಿರಿ, ಬೇರೆಯವರನ್ನು ತಡೆಯಿರಿ, ಫೋನ್ ಮಾಡಿ. ಎರಡನೆಯದು ಹತ್ತಿರ ಹೋಗುವುದು. ಅಲ್ಲಿ ಗಾಯಗೊಂಡ ಮನುಷ್ಯನಿದ್ದರೆ ಮೀಟರಿಗೆ ಕಾಯಬೇಡಿ. ಬೇಗ ಹೋಗಿ, ಅವನನ್ನು ಎತ್ತಿ, ಬೇಗ ಬನ್ನಿ. ಅಂಥ ಪೆಟ್ಟಿಗೆಯ ಹತ್ತಿರವಿದ್ದ ಮಾತ್ರಕ್ಕೆ ಅವನೇನೂ ವಿಷವಾಗುವುದಿಲ್ಲ. ಬಚ್ಚಲ ಒಲೆಯ ಮುಂದೆ ಕೂತವನ ಮೈ ಬಿಸಿಯಾಗಬಹುದು, ಅವನ ಕೈ ಹಿಡಿದವನಿಗೆ ಬೆಂಕಿ ಹತ್ತುವುದಿಲ್ಲ. ಪೆಟ್ಟಿಗೆ ಒಡೆದು ಪುಡಿ ಮೈಮೇಲೆ ಬಿದ್ದಿದ್ದರೂ ಮೇಲಿನ ಬಟ್ಟೆ ಕಳಚಿ ತೊಳೆದರೆ ಹೆಚ್ಚಿನದೆಲ್ಲ ಹೋಗುತ್ತದೆ. ಇಷ್ಟೇ. ನನಗೆ ಮುಖ್ಯವಾಗಿದ್ದದ್ದು ಈ ಎರಡನೆಯ ಭಾಗ. ಆದರೆ ಸ್ಲೈಡುಗಳ ಕ್ರಮ ಬದಲಿಸಬಾರದೆಂದು ಮೇಲಿನವರ ಕಟ್ಟಪ್ಪಣೆಯಿತ್ತು. ಬದಲಿಸಲೇ ಎಂದು ಕೇಳಿದ್ದೆ. ಕ್ರಮ ತಜ್ಞರು ಮಾಡಿದ್ದು, ನಿಮಗೇನು ಕಷ್ಟ ಎಂದರು.

ಕಷ್ಟ ಏನೆಂದರೆ, ನಮ್ಮಲ್ಲಿ ಯಾವ ಕಾರ್ಯಕ್ರಮವೂ ಹೇಳಿದ ಹೊತ್ತಿಗೆ ಶುರುವಾಗುವುದಿಲ್ಲ. ಅತಿಥಿಗಳು ಬರಬೇಕು. ಬಂದವರು ದೀಪ ಹಚ್ಚಬೇಕು. ಗಾಳಿಗೆ ಬೆಂಕಿಕಡ್ಡಿ ಆರಬೇಕು, ಅಗ್ನಿಶಾಮಕದವರೇ ಇದ್ದೀರಲ್ಲ ಎಂದು ಯಾರಾದರೂ ನಗಬೇಕು. ಪ್ರತಿ ಊರಿನಲ್ಲೂ ಇದೇ ತಮಾಷೆ. ಆಮೇಲೆ ಭಾಷಣ. ನಾನು ಮೈಕಿನ ಮುಂದೆ ನಿಲ್ಲುವ ಹೊತ್ತಿಗೆ ಹೊರಗಿನಿಂದ ಕೋಳಿ ಸಾರಿನ ವಾಸನೆ ಬರುತ್ತಿರುತ್ತದೆ. ಮೊದಲ ಭಾಗ ಅರ್ಧವಾಗುವಷ್ಟರಲ್ಲಿ ಪ್ರಶ್ನೆಗಳು. ಬಾಳೆಲೆ ಎಂಬ ಊರಿನಲ್ಲಿ ಒಬ್ಬರು, ಇದರಿಂದ ಕಾಫಿಗೆ ಏನಾಗುತ್ತದೆ ಎಂದು ಕೇಳಿದರು. ಅವರ ಪಕ್ಕದವರು, ಹಾಗಾದರೆ ಮೆಣಸಿಗೆ ಎಂದರು. ಮನುಷ್ಯನಿಗೆ ಏನಾಗುತ್ತದೆ ಎಂದು ಬಾಳೆಲೆಯಲ್ಲಿ ಯಾರೂ ಕೇಳಲಿಲ್ಲ. ಶಿರಂಗಾಲದಲ್ಲಿ ಚರ್ಚೆಯೆಲ್ಲ ಮೊಬೈಲ್ ಟವರಿನ ಮೇಲೆ ನಡೆದು, ಟವರನ್ನು ಕೀಳಿಸಲು ನಾನೇ ಅರ್ಜಿ ಕೊಡಬೇಕು ಎಂಬಲ್ಲಿಗೆ ಮುಗಿಯಿತು. ಎರಡೂ ಕಡೆ ನನ್ನ ಎರಡನೆಯ ಭಾಗ ಚೀಲದಲ್ಲೇ ವಾಪಸು ಬಂತು.

ಸುಂಟಿಕೊಪ್ಪದಲ್ಲಿ ಸುಬೇದಾರರು ಸಿಕ್ಕಿದರು. ಕೊಡಗಿನಲ್ಲಿ ಸಭೆ ಎಂದ ಮೇಲೆ ಸೈನ್ಯದಿಂದ ನಿವೃತ್ತರಾದ ಒಬ್ಬರು ಮುಂದಿನ ಸಾಲಿನಲ್ಲಿ ಇದ್ದೇ ಇರುತ್ತಾರೆ. ಇವರು ಊರಿನ ಹೊರಗೆ ರಸ್ತೆ ಬದಿಯಲ್ಲೇ ತೋಟವಿದ್ದವರು. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಊರಿನಲ್ಲಿ ಅವರ ಮಾತೆಂದರೆ ಮಾತು. ನಾನು ಮೂರನೆಯ ಸ್ಲೈಡಿನಲ್ಲಿದ್ದಾಗ ಎದ್ದುನಿಂತು, ಸೈನ್ಯದಲ್ಲಿ ತಾವು ಇದನ್ನೆಲ್ಲ ಮುಖವಾಡ ಹಾಕಿಕೊಂಡು ಕಲಿತದ್ದನ್ನು ವಿವರಿಸಿದರು. ಮರುಭೂಮಿಯಲ್ಲಿ ಕಲಿತದ್ದು, ಹಿಮದಲ್ಲಿ ಕಲಿತದ್ದು, ಎರಡನ್ನೂ ವಿವರಿಸಿದರು. ಅಂಥವರಿಗೆ ಕೂತುಕೊಳ್ಳಿ ಎನ್ನುವ ಧೈರ್ಯ ನನಗಿರಲಿಲ್ಲ. ಕೊನೆಗೆ ಜನರ ಕಡೆ ತಿರುಗಿ ಹೇಳಿದರು:

"ನೋಡಿ, ಇದಕ್ಕೆಲ್ಲ ತಲೆ ಕೆಡಿಸ್ಕೊಳ್ಳೋದು ಬೇಡ. ತೋಟಕ್ಕೆ ಆನೆ ಬಂದ್ರೆ ನಾವು ಎಂತ ಮಾಡ್ತೇವೆ? ದೂರ ನಿಲ್ತೇವೆ. ಬೇರೆಯವ್ರನ್ನ ಬಿಡೋದಿಲ್ಲ. ಡಿಪಾರ್ಟ್‌ಮೆಂಟಿನವ್ರು ಬಂದು, ಹೋಯ್ತು ಅಂತ ಹೇಳೋವರೆಗೆ ಹತ್ರ ಹೋಗೋದಿಲ್ಲ. ಇದೂ ಅಷ್ಟೇ."

ಸಭೆಯಲ್ಲಿ ತಲೆಗಳೆಲ್ಲ ಒಟ್ಟಿಗೆ ಆಡಿದವು. ನಾನು ಊರೂರು ತಿರುಗಿ ಗಂಟಲು ಹರಿದುಕೊಂಡರೂ ಯಾರ ತಲೆಗೂ ಹೋಗದಿದ್ದದ್ದು ಒಂದೇ ಮಾತಿನಲ್ಲಿ ಹೋಗಿಬಿಟ್ಟಿತು. ನನಗೆ ಹೊಟ್ಟೆಕಿಚ್ಚೂ ಆಯಿತು, ಗಾಬರಿಯೂ ಆಯಿತು. ಮಾತು ಮುಕ್ಕಾಲು ಪಾಲು ಸರಿಯಿತ್ತು. ಆದರೆ ಆನೆ ತುಳಿದವನ ಹತ್ತಿರ ಆನೆ ಅಲ್ಲೇ ನಿಂತಿರುವಾಗ ನಮ್ಮಲ್ಲಿ ಯಾರೂ ಹೋಗುವುದಿಲ್ಲ, ಹೋಗಲೂ ಬಾರದು. ಪೆಟ್ಟಿಗೆ ಹಾಗಲ್ಲ, ಅದು ಅಟ್ಟಿಸಿಕೊಂಡು ಬರುವುದಿಲ್ಲ. ಇದನ್ನು ಹೇಳಬೇಕೆಂದು ನಾನು ಮೈಕ್ ಹತ್ತಿರ ಎಳೆದುಕೊಂಡೆ. ಅಷ್ಟರಲ್ಲಿ ಪಂಚಾಯಿತಿಯವರು, ಸುಬೇದಾರರು ಚೆನ್ನಾಗಿ ಮುಗಿಸಿಕೊಟ್ಟರು, ಈಗ ಎಲ್ಲರೂ ಊಟಕ್ಕೆ ಏಳಬೇಕು ಎಂದು ಘೋಷಿಸಿದರು. ಇನ್ನೂ ಇದೆ ಎಂದೆ. ಕುರ್ಚಿಗಳು ಸರಿದ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ. ಊಟ ಆದ ಮೇಲೆ ಹೇಳಿ ಸಾರ್ ಎಂದರು. ಊಟ ಆದ ಮೇಲೆ ಸಭಾಂಗಣದಲ್ಲಿ ಇದ್ದವರು ನಾನು ಮತ್ತು ಕುರ್ಚಿ ಬಾಡಿಗೆಗೆ ಕೊಟ್ಟವನು.

ಮುಂದಿನ ಕಾಫಿ ಕುಯ್ಲಿನ ಹೊತ್ತಿಗೆ ಅದು ನಡೆಯಿತು. ಅಂದು ಶನಿವಾರ. ಮಡಿಕೇರಿಯಲ್ಲಿ ನಮ್ಮ ಕಂಟ್ರೋಲ್ ರೂಮಿನಿಂದ ಕರೆ ಬರುವುದಕ್ಕೆ ಮೊದಲೇ ನನ್ನ ಮೊಬೈಲಿಗೆ ಸುದ್ದಿ ಬಂತು. ಬಂದದ್ದು ಆನೆ ಎಲ್ಲಿದೆ ಎಂದು ತೋಟದವರು ತಿಳಿಸಿಕೊಳ್ಳುವ ವಾಟ್ಸಾಪ್ ಗುಂಪಿನಲ್ಲಿ. "ಸುಂಟಿಕೊಪ್ಪದ ತಿರುವಿನಲ್ಲಿ ವಿಕಿರಣ ಬಂದಿದೆ. ಕಾಫಿ ಪಿಕ್ಕಿಂಗ್ ನಿಲ್ಲಿಸಿ. ಕೆಲಸದವರು ಯಾರೂ ಲೈನ್‌ಮನೆಯಿಂದ ಹೊರಗೆ ಬರಬಾರದು." ಅದರ ಕೆಳಗೆ ಯಾರೋ ಪೂರ್ತಿ ಓದದೆ, ಒಂಟಿಯಾ ಗುಂಪಾ ಎಂದು ಕೇಳಿದ್ದರು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಗಾಡಿ ಹೊರಟಿತು. ಶನಿವಾರವೆಂದರೆ ಪ್ರವಾಸಿಗಳ ಕಾರುಗಳು ಮಡಿಕೇರಿಗೆ ಏರುತ್ತ ಇಳಿಯುತ್ತ ಇರುವ ದಿನ. ತಿರುವಿನಲ್ಲಿ ರಸ್ತೆ ಮುಚ್ಚಿದ್ದಾರೆಂದು ತಿಳಿದದ್ದೇ ತಡ, ಹಿಂದಿದ್ದವರೆಲ್ಲ ಮುಂದೆ ನುಗ್ಗಿ ರಸ್ತೆಯ ಎರಡೂ ಬದಿ ತುಂಬಿಸಿದ್ದರು. ನಾವು ಸೈರನ್ ಹೊಡೆಯುತ್ತ ಒಂದೊಂದೇ ಕಾರನ್ನು ಹಿಂದೆ ಸರಿಸಿಕೊಂಡು ಹೋದೆವು. ಒಬ್ಬರು ಕಿಟಕಿ ಇಳಿಸಿ, ಮುಂದೆ ಆನೆ ಕಾಣುತ್ತದೆಯೇ ಎಂದು ಕೇಳಿದರು. ನಾನು ಏನು ಉತ್ತರ ಕೊಟ್ಟೆನೆಂದು ಬರೆಯುವುದು ಬೇಡ.

ಸ್ಥಳ ತಲುಪಿದಾಗ ಕಂಡದ್ದನ್ನು ನಾನು ಮರೆಯಲಾರೆ. ಪಿಕಪ್ ರಸ್ತೆ ಬಿಟ್ಟು ತೋಟದ ಅಂಚಿನಲ್ಲಿ ಮಗುಚಿ, ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತಿತ್ತು. ಸಾಕಷ್ಟು ದೂರದಲ್ಲಿ ಮರದಿಂದ ಮರಕ್ಕೆ ಹಗ್ಗ ಬಿಗಿದಿತ್ತು. ಹಗ್ಗದ ಆಚೆ ಒಬ್ಬ ಮನುಷ್ಯನೂ ಇಲ್ಲ. ಈಚೆ ಜನ ಸದ್ದಿಲ್ಲದೆ ನಿಂತಿದ್ದರು. ಅಷ್ಟು ಶಿಸ್ತಿನ ಅಪಘಾತವನ್ನು ನಾನು ನನ್ನ ನೌಕರಿಯಲ್ಲೇ ನೋಡಿರಲಿಲ್ಲ. ನಮ್ಮಲ್ಲಿ ಗಾಡಿ ಬಿತ್ತೆಂದರೆ ನಾವು ಬರುವಷ್ಟರಲ್ಲಿ ಯಾರಾದರೂ ಗಾಯಾಳುವನ್ನು ಜೀಪಿಗೆ ಹಾಕಿಕೊಂಡು ಆಸ್ಪತ್ರೆಗೆ ಹೋಗಿ ಆಗಿರುತ್ತದೆ. ರಸ್ತೆ ತೊಳೆಯುವ ಕೆಲಸ ಮಾತ್ರ ನಮಗೆ ಉಳಿಯುತ್ತದೆ. ಆ ಅವಸರದ ಮೇಲೆ ನಾನು ಎಷ್ಟು ಸಲ ರೇಗಿದ್ದೆನೋ. ಅಂದು ಆ ಜೀಪುಗಳೆಲ್ಲ ರಸ್ತೆ ಬದಿಗೆ ಅಚ್ಚುಕಟ್ಟಾಗಿ ನಿಂತಿದ್ದವು.

ಹಗ್ಗದ ತುದಿ ಹಿಡಿದುಕೊಂಡು ಸುಬೇದಾರರು ನಿಂತಿದ್ದರು. ನನ್ನನ್ನು ಕಂಡು ಮೈ ನೆಟ್ಟಗೆ ಮಾಡಿ ವರದಿ ಒಪ್ಪಿಸಿದರು.

"ಒಬ್ಬನನ್ನೂ ಬಿಟ್ಟಿಲ್ಲ ಆಫೀಸರೇ."

ಒಳಗೆ ಯಾರಿದ್ದಾರೆ ಎಂದು ಕೇಳಿದೆ.

"ಡ್ರೈವರ್ ಇದ್ದಾನೆ. ಕೂಗ್ತಾ ಇದ್ದ. ಈಗ ಸ್ವಲ್ಪ ಹೊತ್ತಿಂದ ಇಲ್ಲ."

ಆಂಬ್ಯುಲೆನ್ಸ್ ನಮಗಿಂತ ಎಷ್ಟೋ ಮೊದಲೇ ಬಂದಿತ್ತು. ಅದರ ನರ್ಸ್ ನನ್ನ ತರಬೇತಿಗೆ ಬಂದಿದ್ದ ಹುಡುಗಿ. ರೈನ್‌ಕೋಟ್ ಹಾಕಿಕೊಂಡು, ಎರಡೆರಡು ಗ್ಲೌಸ್ ಹಾಕಿಕೊಂಡು, ಸ್ಟ್ರೆಚರ್ ಪಕ್ಕ ಸಿದ್ಧವಾಗಿ ನಿಂತಿದ್ದಳು. ಮೀಟರ್ ನೋಡದೆ ಒಳಗೆ ಹೋಗಬಹುದಾ ಸಾರ್ ಎಂದು ಕೇಳಿದಳು. ಅವಳ ಕಣ್ಣಲ್ಲಿ ನೀರಿತ್ತು. ಪಕ್ಕದ ತೋಟದ ರೈಟರು ಕೈಯಲ್ಲಿ ಆನೆ ಬಂದಾಗ ಹಚ್ಚುವ ಪಟಾಕಿ ಸರ ಹಿಡಿದುಕೊಂಡಿದ್ದ. ಅದು ಯಾರನ್ನು ಓಡಿಸುವುದಕ್ಕೆ ಎಂದು ಕೇಳಿದೆ. ಅವನು ಸರವನ್ನು ನೋಡಿದ, ನನ್ನನ್ನು ನೋಡಿದ, ಅಭ್ಯಾಸ ಸಾರ್ ಎಂದ.

ನಾನು ಬೈದೆ. ಯಾರನ್ನು ಬೈಯುತ್ತಿದ್ದೇನೆ ಎಂದು ಗೊತ್ತಿಲ್ಲದೆ ಬೈಯುತ್ತಲೇ ಮೀಟರ್ ಚಾಲೂ ಮಾಡಿಕೊಂಡು ಹಗ್ಗದ ಕೆಳಗೆ ನುಗ್ಗಿದೆ. ನಮ್ಮವರು ಕಟ್ಟರ್ ಹಿಡಿದು ಹಿಂದೆಯೇ ಬಂದರು. ಹಳದಿ ಪೆಟ್ಟಿಗೆ ತಲೆಕೆಳಗಾಗಿದ್ದರೂ ಬೆಲ್ಟಿನ ಬಿಗಿ ಸಡಿಲವಾಗಿರಲಿಲ್ಲ, ಬೀಗ ಹಾಕಿದಂತೆಯೇ ಇತ್ತು. ಮೀಟರಿನ ಮುಳ್ಳು ಸ್ವಲ್ಪ ಅಲುಗಿ ಸುಮ್ಮನಾಯಿತು. ಹೆದರುವಂಥದ್ದು ಅಲ್ಲಿ ಏನೂ ಇರಲಿಲ್ಲ. ಇದ್ದದ್ದು ಮುರಿದ ಕಬ್ಬಿಣದ ನಡುವೆ ಕಾಲು ಸಿಕ್ಕಿಹಾಕಿಕೊಂಡ ಒಬ್ಬ ಮನುಷ್ಯ, ಮತ್ತು ಅವನ ಕೆಳಗೆ ಎಲೆಗಳ ಮೇಲೆ ಕಪ್ಪಾಗುತ್ತಿದ್ದ ರಕ್ತ.

ಅವನಿಗೆ ಎಚ್ಚರವಿತ್ತು. ಶಿರಂಗಾಲದ ಕಡೆಯವನು, ಮೂವತ್ತರ ಒಳಗಿನವನು. ಜೊತೆಗಿರಬೇಕಾದ ತಂತ್ರಜ್ಞ ಕುಶಾಲನಗರದಲ್ಲಿ ಇಳಿದುಕೊಂಡಿದ್ದನಂತೆ. ನಾನು ಕಾಲಿಗೆ ಪಟ್ಟಿ ಬಿಗಿಯುತ್ತಿದ್ದಾಗ, ತಪ್ಪು ತನ್ನದೇ ಎಂಬಂತೆ ಮೆಲ್ಲಗೆ ಹೇಳಿದ:

"ಮೊದ್ಲು ನಾನೇ ಬರ್ಬೇಡಿ ಅಂದೆ ಸಾರ್. ಪೆಟ್ಟಿಗೆ ಐತೆ ಅಂತ. ಕಂಪ್ನೀಲಿ ಹಂಗೇ ಹೇಳ್ಕೊಟ್ಟವ್ರೆ. ಆಮೇಲೆ ಕಾಲು ಕಟ್ಟಿ ಅಂತ ಕೂಗ್ದೆ. ಯಾರೂ ಬರ್ಲಿಲ್ಲ."

ಅವನಿಗೂ ಯಾವುದೋ ಸಭಾಂಗಣದಲ್ಲಿ ಯಾರೋ ಪಾಠ ಮಾಡಿದ್ದರು. ಅಲ್ಲಿಯೂ ಊಟದ ಹೊತ್ತಾಗಿರಬೇಕು. ರಸ್ತೆಯ ಈಚೆ ನಿಂತವರಿಗೂ, ಗಾಡಿಯೊಳಗೆ ಸಿಕ್ಕಿಕೊಂಡವನಿಗೂ ಮೊದಲ ಭಾಗ ಬಾಯಿಪಾಠವಾಗಿತ್ತು.

ಅವನನ್ನು ಬಿಡಿಸಿ ಆಂಬ್ಯುಲೆನ್ಸಿಗೆ ಹಾಕಿದೆವು. ಸ್ಟ್ರೆಚರ್ ಹಗ್ಗದ ಹತ್ತಿರ ಬಂದಾಗ ಜನ ಇನ್ನೂ ಹಿಂದೆ ಸರಿದರು. ಅವನನ್ನು ಮುಟ್ಟಿದರೆ ಏನೂ ಆಗುವುದಿಲ್ಲ ಎಂದು ಕಿರುಚಿದೆ. ಆಗಲೂ ಯಾರೂ ಮುಂದೆ ಬರಲಿಲ್ಲ. ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಮೊಣಕಾಲಿನ ಕೆಳಗೆ ಕಾಲು ಉಳಿಯಲಿಲ್ಲ. ಬೇಗ ಬಿಡಿಸಿ ತಂದಿದ್ದರೆ ಕಾಲನ್ನೂ ಉಳಿಸಬಹುದಿತ್ತು ಎಂದು ವೈದ್ಯರು ಹೇಳಿದರು. ನಾನು ಅದನ್ನು ಕಾರಿಡಾರಿನಲ್ಲಿ ನಿಂತು ಕೇಳಿಸಿಕೊಂಡೆ. ಅವನ ಹೆಂಡತಿಯೂ ಅಲ್ಲೇ ಇದ್ದಳು. ಅವಳು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಕೋಳಿ ಸಾರಿನ ವಿಷಯ ಹೇಗೆ ಹೇಳುತ್ತಿದ್ದೆನೋ ಗೊತ್ತಿಲ್ಲ.

ಇದಾದ ಮೇಲೆ ಮೇಲಿನವರು ಸ್ಲೈಡುಗಳ ಕ್ರಮ ಬದಲಿಸಿರಬಹುದು ಎಂದು ನೀವು ಅಂದುಕೊಂಡರೆ ನಿಮಗೆ ನಮ್ಮ ವ್ಯವಸ್ಥೆ ಗೊತ್ತಿಲ್ಲ. ಸಾರ್ವಜನಿಕರು ತೋರಿದ ಸಮಯಪ್ರಜ್ಞೆ ಮಾದರಿಯಾದುದು, ಒಬ್ಬರೂ ವಿಕಿರಣಕ್ಕೆ ಒಳಗಾಗಲಿಲ್ಲ ಎಂದು ಹೊಗಳಿ ಪತ್ರ ಬಂತು. ನನ್ನ ತರಬೇತಿ ಯಶಸ್ವಿಯಾಯಿತಂತೆ. ಅದೇ ಸುಂಟಿಕೊಪ್ಪದ ಸಭಾಂಗಣದಲ್ಲಿ ಇನ್ನೊಂದು ತರಬೇತಿ ಇಟ್ಟು, ಸುಬೇದಾರರಿಗೆ ಸನ್ಮಾನ ಮಾಡಬೇಕೆಂದು ಆದೇಶವಾಯಿತು. ಕ್ರಮದ ಬಗ್ಗೆ ಮತ್ತೆ ಕೇಳಿದೆ. ಚೆನ್ನಾಗಿ ಕೆಲಸ ಮಾಡಿದ್ದನ್ನು ಯಾಕೆ ಮುಟ್ಟುತ್ತೀರಿ ಎಂದರು. ಫೋನ್ ಇಟ್ಟು, ಮೀಟರಿನಲ್ಲಿ ಸೆಲ್ಲುಗಳಿವೆಯೇ ಎಂದು ಹೋಗಿ ನೋಡಿದೆ.

ಆ ದಿನವೂ ಎಲ್ಲ ಹಾಗೆಯೇ ನಡೆಯಿತು. ಅತಿಥಿಗಳು ತಡವಾಗಿ ಬಂದರು. ಬೆಂಕಿಕಡ್ಡಿ ಆರಿತು, ಅದೇ ತಮಾಷೆಗೆ ಅದೇ ಜನ ನಕ್ಕರು. ಅದೇ ಮೂರು ರೆಕ್ಕೆಯ ಗುರುತು ತೋರಿಸಿದೆ, ದೂರ ನಿಲ್ಲಿ ಎಂದೆ. ಹೊರಗೆ ಪಾತ್ರೆಯ ಮುಚ್ಚಳ ಸದ್ದಾಯಿತು. ಪಂಚಾಯಿತಿಯವರು ನನ್ನನ್ನು ಅಲ್ಲಿಗೇ ನಿಲ್ಲಿಸಿ ಸುಬೇದಾರರನ್ನು ವೇದಿಕೆಗೆ ಕರೆದರು. ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟರು. ಅಂದು ಅವರು ಮುಂದಿನ ಸಾಲಿನಲ್ಲಿ ಕೂತಿರಲಿಲ್ಲ, ಪ್ರಶ್ನೆಯನ್ನೂ ಕೇಳಿರಲಿಲ್ಲ. ಅಪಘಾತವಾದಂದಿನಿಂದ ಅವರು ಮನೆ ಬಿಟ್ಟು ಹೊರಗೆ ಬರುವುದೇ ಕಡಿಮೆ ಎಂದು ಯಾರೋ ಹೇಳಿದ್ದರು. ಫೋಟೋ ಆಯಿತು. ಈಗ ಎಲ್ಲರೂ ಊಟಕ್ಕೆ ಏಳಬೇಕು ಎಂದು ಘೋಷಣೆಯಾಯಿತು. ಕುರ್ಚಿಗಳು ಸರಿದವು.

ಸುಬೇದಾರರು ಬುಟ್ಟಿಯನ್ನು ಮೇಜಿನ ಮೇಲಿಟ್ಟರು. ಶಾಲು ತೆಗೆದು ಮಡಿಸಿ ಅದರ ಪಕ್ಕದಲ್ಲಿಟ್ಟರು. ವೇದಿಕೆ ಇಳಿದು ಸಾಲುಗಳ ನಡುವೆ ನಡೆದು ಹೋಗಿ ಬಾಗಿಲು ಮುಚ್ಚಿ ಚಿಲಕ ಹಾಕಿದರು. ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

"ಕೂತ್ಕೊಳ್ಳಿ," ಎಂದರು. "ಆ ಡ್ರೈವರ್ ನನ್ನನ್ನ ನೋಡಿ, ಕಾಲು ಕಟ್ಟಿ ಅಂತ ಕೇಳ್ದ. ಕಟ್ಟೋದು ನನಗೆ ಬರ್ತದೆ. ಸೈನ್ಯದಲ್ಲಿ ಎಷ್ಟೋ ಜನಕ್ಕೆ ಕಟ್ಟಿದ್ದೇನೆ. ಕಟ್ಲಿಕ್ಕೆ ಹಗ್ಗವೂ ನನ್ನ ಕೈಯಲ್ಲೇ ಇತ್ತು. ಅದನ್ನ ಹಿಡ್ಕೊಂಡು ನಿಮ್ಮನ್ನೆಲ್ಲ ತಡೆದು ನಿಂತೆ."

ಆಮೇಲೆ ನನ್ನ ಕಡೆ ಕೈ ತೋರಿಸಿ, ಈ ಆಫೀಸರರ ಮಾತು ಅವತ್ತೂ ಮುಗಿದಿರಲಿಲ್ಲ, ಈಗಲೂ ಮುಗಿದಿಲ್ಲ, ಮುಗಿಯುವವರೆಗೆ ಬಾಗಿಲು ತೆಗೆಯುವುದಿಲ್ಲ ಎಂದರು.

ಎದ್ದಿದ್ದವರು ಒಬ್ಬೊಬ್ಬರಾಗಿ ಕೂತರು. ಅತಿಥಿಗಳೂ ಕೂತರು. ನಾನು ಸ್ಲೈಡುಗಳನ್ನು ಬಿಟ್ಟು, ಮೈಕನ್ನೂ ಬಿಟ್ಟು, ಸಾಲುಗಳ ಮುಂದೆ ನಿಂತು ಎರಡನೆಯ ಭಾಗ ಹೇಳಿದೆ. ಮೊದಲು ಮನುಷ್ಯ, ಆಮೇಲೆ ಮೀಟರ್ ಎಂದೆ. ಬಚ್ಚಲ ಒಲೆಯ ಮಾತು ಹೇಳಿದೆ. ಮುಟ್ಟಿದರೆ ಹತ್ತುವುದಿಲ್ಲ ಎಂದೆ, ಬಟ್ಟೆ ಕಳಚಿ ತೊಳೆಯಿರಿ ಎಂದೆ. ಯಾರೂ ಕಾಫಿಗೆ ಏನಾಗುತ್ತದೆ ಎಂದು ಕೇಳಲಿಲ್ಲ. ಹಿಂದಿನ ಸಾಲಿನಲ್ಲಿ ಆಂಬ್ಯುಲೆನ್ಸಿನ ನರ್ಸ್ ತಲೆ ತಗ್ಗಿಸಿ ಕೂತಿದ್ದಳು. ಹೇಳಬೇಕಾದದ್ದೆಲ್ಲ ಮುಗಿದಾಗ ಸುಬೇದಾರರು ಚಿಲಕ ತೆಗೆದರು.

ನಾವು ಹೊರಗೆ ಹೋದೆವು. ಕೋಳಿ ಸಾರು ಇನ್ನೂ ಹಬೆಯಾಡುತ್ತಿತ್ತು.